ಬ್ರೌಸರುಗಳ ಪೈಪೋಟಿ ಮತ್ತು ಕನ್ನಡ ಲಿಪಿಯ ಅಂತರಜಾಲ ಪ್ರವೇಶ

ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ ಕರಾವಳಿಯ ಒಂದು ಮೀನುಗಾರಿಕಾ ಬಂದರು. ಆ ಊರಿನ ಮೀನುಗಾರಿಕೆಯ ಇತ್ತೀಚಿನ ಇತಿಹಾಸಕ್ಕೆ ಸಾಮಗ್ರಿ ಕೂಡಿಹಾಕುವ ಉದ್ದೇಶದಿಂದ ಈ ಲೇಖಕನು 2002ರಿಂದ 2005ರವರೆಗೆ ಭಟ್ಕಳದ ಸೈಬರ್ ಕೆಫೆಯೊಂದರಲ್ಲಿ ಕುಳಿತು, ಕನ್ನಡ ಪತ್ರಿಕೆಗಳ ಜಾಲತಾಣಗಳಲ್ಲಿ ಬರುತ್ತಿದ್ದ ಕರಾವಳಿಯ ವರದಿಗಳನ್ನು ಪುಟಪುಟವಾಗಿ ಉಳಿಸಿಕೊಂಡಿದ್ದುಂಟು. ಮಳೆಗಾಲದ ಮೀನುಗಾರಿಕಾ ನಿಷೇಧ, ಯಾಂತ್ರಿಕ ದೋಣಿಗಳಿಗೂ ನಾಡದೋಣಿಗಳಿಗೂ ನಡುವಿನ ತಕರಾರು, ಡೀಸೆಲ್ ಬೆಲೆ, ಕಡಲ್ಕೊರೆತ ಇವು ಆ ವರದಿಗಳ ವಸ್ತು. ಮೊದಲು ಫ್ಲಾಪಿಗಳಲ್ಲಿ, ಆಮೇಲೆ ಎರಡು ಸಿ.ಡಿ.ಗಳಲ್ಲಿ ಅವು ಭದ್ರವಾಗಿವೆ. ಕಡತಗಳು ಕೆಟ್ಟಿಲ್ಲ, ಚಿತ್ರಗಳೂ ಇವೆ. ಆದರೆ ಇಂದಿನ ಯಾವ ಬ್ರೌಸರಿನಲ್ಲಿ ತೆರೆದರೂ ಅಲ್ಲಿ ಕನ್ನಡವಿಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಅರ್ಥಹೀನ ಸಾಲುಗಳು ಮಾತ್ರ ಕಾಣುತ್ತವೆ.

ಇದು ಒಬ್ಬ ಸಂಶೋಧಕನ ಸಂಗ್ರಹಕ್ಕಷ್ಟೇ ಒದಗಿದ ಗತಿಯಲ್ಲ. 1996ರಿಂದ ಸುಮಾರು ಹತ್ತು ವರ್ಷ ಕನ್ನಡದಲ್ಲಿ ಅಂತರಜಾಲಕ್ಕೆ ಏರಿದ ಬರವಣಿಗೆಯ ಬಹುಪಾಲು ಇದೇ ಸ್ಥಿತಿಯಲ್ಲಿದೆ. ಇದಕ್ಕೆ ಕಾರಣವನ್ನು ಸಾಮಾನ್ಯವಾಗಿ ಕನ್ನಡ ತಂತ್ರಾಂಶಗಳ ಗೊಂದಲದಲ್ಲಿ ಹುಡುಕಲಾಗುತ್ತದೆ. ಅದು ಅರ್ಧ ಸತ್ಯ. ಉಳಿದರ್ಧವು ಅಮೆರಿಕದ ಎರಡು ಕಂಪೆನಿಗಳು ಗಣಕ ಬಳಕೆದಾರರ ಒಲವಿಗಾಗಿ ನಡೆಸಿದ ಹಣಾಹಣಿಯಲ್ಲಿದೆ ಎಂಬುದು ಪ್ರಸ್ತುತ ಲೇಖನದ ವಾದ. ಆ ಪೈಪೋಟಿಯ ಚರಿತ್ರೆಯನ್ನು ಕನ್ನಡ ಲಿಪಿಯ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಪೂರ್ವರಂಗವನ್ನು ಸಂಕ್ಷೇಪವಾಗಿ ಹೇಳಬಹುದು. ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಪ್ರಯೋಗಶಾಲೆಯಲ್ಲಿ 1990ರಲ್ಲಿ ಮೊದಲ ಬ್ರೌಸರನ್ನು ಬರೆದರು. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟಿಂಗ್ ಕೇಂದ್ರದಿಂದ ಬಂದ ಮೊಸಾಯಿಕ್, ಬರಹವನ್ನೂ ಚಿತ್ರವನ್ನೂ ಒಂದೇ ಪುಟದಲ್ಲಿ ತೋರಿಸಿ ಜನಸಾಮಾನ್ಯರನ್ನು ಜಾಲಕ್ಕೆ ಸೆಳೆಯಿತು. ಅದನ್ನು ಬರೆದವರಲ್ಲಿ ಒಬ್ಬರಾದ ಮಾರ್ಕ್ ಆಂಡ್ರೀಸನ್, ಜಿಮ್ ಕ್ಲಾರ್ಕ್ ಜೊತೆಗೂಡಿ 1994ರಲ್ಲಿ ಸ್ಥಾಪಿಸಿದ ಕಂಪೆನಿಯೇ ನೆಟ್‌ಸ್ಕೇಪ್. ಅದರ ನ್ಯಾವಿಗೇಟರ್ ಆ ವರ್ಷದ ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. 1995ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸ್ಪೈಗ್ಲಾಸ್ ಕಂಪೆನಿಯಿಂದ ಮೊಸಾಯಿಕ್‌ನ ಪರವಾನಗಿ ಪಡೆದು ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನು ಹೊರತಂದಿತು. ಹೀಗೆ ಎರಡು ಪಕ್ಷಗಳ ಮೂಲವೂ ಒಂದೇ. ದಾಯಾದಿ ಕಲಹವೆಂದು ಕರೆದರೆ ಅತಿಶಯೋಕ್ತಿಯಾಗಲಾರದು.

ಅದೇ 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕವನ್ನು ತೆರೆಯಿತು. ಆ ವೇಳೆಗೆ ಕನ್ನಡವು ಗಣಕದ ಮಟ್ಟಿಗೆ ಹೊಸಬನೇನೂ ಆಗಿರಲಿಲ್ಲ. ಅಚ್ಚುಕೂಟಗಳಲ್ಲಿ ಡಿ.ಟಿ.ಪಿ. ನೆಲೆಗೊಂಡಿತ್ತು. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್ ಸಂಸ್ಥೆಯ ಆಕೃತಿ, ಸಿ-ಡ್ಯಾಕ್‌ನ ಐ.ಎಸ್.ಎಂ. ಮೊದಲಾದ ತಂತ್ರಾಂಶಗಳು ಬಳಕೆಯಲ್ಲಿದ್ದವು. ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸವು ಮುಂದೆ ರಾಜ್ಯ ಸರಕಾರದ ಮಾನ್ಯತೆಯನ್ನು ಪಡೆಯಿತು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ನುಡಿ ತುಸು ಅನಂತರದ್ದು. ಆದರೆ ಇವೆಲ್ಲವುಗಳ ತಳಹದಿಯಲ್ಲಿ ಒಂದು ಉಪಾಯವಿತ್ತು. ಆ ಉಪಾಯವನ್ನು ವಿವರವಾಗಿ ತಿಳಿಯದೆ ಮುಂದಿನ ಕಥೆ ಅರ್ಥವಾಗದು.

ಅಂದಿನ ಫಾಂಟುಗಳಲ್ಲಿ ಒಟ್ಟು 256 ಸ್ಥಾನಗಳಿದ್ದು, ನಿಯಂತ್ರಣ ಸಂಕೇತಗಳನ್ನು ಕಳೆದರೆ ಇನ್ನೂರರ ಆಸುಪಾಸಿನಷ್ಟು ಮಾತ್ರ ಬಳಕೆಗೆ ದೊರೆಯುತ್ತಿದ್ದವು. ಕನ್ನಡದ ಪೂರ್ಣಾಕ್ಷರ, ಗುಣಿತ, ಒತ್ತಕ್ಷರಗಳನ್ನೆಲ್ಲ ಬಿಡಿಬಿಡಿಯಾಗಿ ಇಡಲು ಅವು ಸಾಲವು. ಆದ್ದರಿಂದ ತಂತ್ರಜ್ಞರು ಅಕ್ಷರವನ್ನು ತುಂಡುಗಳಾಗಿ ಒಡೆದು, ಆ ತುಂಡುಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿದರು. ನುಡಿಯ ಸಂಕೇತಕ್ರಮದಲ್ಲಿ ‘ಕ’ ಎಂಬುದು ಗಣಕದ ಮಟ್ಟಿಗೆ ಒಂದು ರೋಮನ್ ‘ಪಿ’ ಮತ್ತು ತಲೆಗೆರೆಯುಳ್ಳ ಒಂದು ‘ಎ’. ‘ಕರ್ನಾಟಕ’ ಎಂದು ಬರೆದಾಗ ಗಣಕವು ಸಂಗ್ರಹಿಸುತ್ತಿದ್ದುದು ಉಚ್ಚಾರದ ಕ್ರಮವನ್ನಲ್ಲ, ಕಣ್ಣಿಗೆ ಕಾಣುವ ಕ್ರಮವನ್ನು: ಮೊದಲು ಕ, ಬಳಿಕ ನಾ, ಅದರ ಬೆನ್ನಿಗೆ ಅರ್ಕಾವೊತ್ತು, ಆಮೇಲೆ ಟ ಮತ್ತು ಕ. ಅಚ್ಚಿನ ಮೊಳೆ ಜೋಡಿಸುವವನ ಕ್ರಮವೇ ಇದು, ಅಚ್ಚಿಗೆ ಸಾಕಾಗುತ್ತಿತ್ತು. ಆದರೆ ಅಕಾರಾದಿಯಾಗಿ ಜೋಡಿಸಲು, ಪದ ಹುಡುಕಲು ಅದು ನೆರವಾಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆಯಾ ಫಾಂಟು ಓದುಗನ ಗಣಕದಲ್ಲಿ ಇಲ್ಲದಿದ್ದರೆ ಕನ್ನಡವೇ ಇಲ್ಲ. ಒಂದೊಂದು ಸಂಸ್ಥೆಯೂ ತುಂಡುಗಳನ್ನು ತನ್ನದೇ ಸ್ಥಾನಗಳಲ್ಲಿ ಕೂರಿಸಿದ್ದರಿಂದ ಒಂದರ ಬರಹ ಇನ್ನೊಂದರಲ್ಲಿ ಓದಲು ಬಾರದು. ಸರಕಾರವು ಮಾನಕ ನಿಗದಿಪಡಿಸಿದ ಮೇಲೆ ನುಡಿ ಮತ್ತು ಬರಹಗಳ ನಡುವೆ ಹೊಂದಾಣಿಕೆ ಬಂದಿತಾದರೂ ಪತ್ರಿಕೆಗಳು ತಮ್ಮ ಹಳೆಯ ಫಾಂಟುಗಳನ್ನು ಬಿಡಲಿಲ್ಲ.

ಡಾ. ಯು. ಬಿ. ಪವನಜ ಅವರು 1996ರ ಡಿಸೆಂಬರಿನಲ್ಲಿ ಆರಂಭಿಸಿದ ವಿಶ್ವಕನ್ನಡವು ಕನ್ನಡದ ಮೊದಲ ಅಂತರಜಾಲ ಪತ್ರಿಕೆಯೆಂದು ಗುರುತಿಸಲ್ಪಟ್ಟಿದೆ. ಪತ್ರಿಕೆಗಳ ಜಾಲತಾಣಗಳು ಒಂದೊಂದಾಗಿ ಅನುಸರಿಸಿದವು. ಆರಂಭದಲ್ಲಿ ಎಲ್ಲರೂ ಓದುಗನಿಗೆ ಹೇಳುತ್ತಿದ್ದುದು ಒಂದೇ: ಮೊದಲು ನಮ್ಮ ಫಾಂಟನ್ನು ಇಳಿಸಿಕೊಳ್ಳಿ, ಅನಂತರ ಓದಿ. ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇದ್ದ ಕನ್ನಡಿಗ ಸ್ವಂತ ಗಣಕದಲ್ಲಿ ಹಾಗೆ ಮಾಡಬಲ್ಲವನಾಗಿದ್ದ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ಹಣ ಕೊಟ್ಟು ಕೂರುವವನಿಗೆ ಅದು ಕಷ್ಟ. ಫಾಂಟು ಇಳಿಯುವುದರೊಳಗೆ ಅರ್ಧ ಗಂಟೆ ಮುಗಿಯುತ್ತಿತ್ತು. ಎಷ್ಟೋ ಕೆಫೆಗಳಲ್ಲಿ ಹೊಸತೇನನ್ನೂ ಗಣಕಕ್ಕೆ ಸೇರಿಸಲು ಬಿಡುತ್ತಲೂ ಇರಲಿಲ್ಲ.

ಬ್ರೌಸರ್ ಸಮರವು ಕನ್ನಡದ ಅಂಗಳಕ್ಕೆ ನೇರವಾಗಿ ಕಾಲಿಟ್ಟದ್ದು ಈ ಹಂತದಲ್ಲಿ. 1997ರಲ್ಲಿ ಎರಡೂ ಕಂಪೆನಿಗಳು ತಮ್ಮ ನಾಲ್ಕನೆಯ ಆವೃತ್ತಿಗಳನ್ನು ಬಿಡುಗಡೆ ಮಾಡಿದವು. ಪುಟದೊಂದಿಗೆ ಫಾಂಟನ್ನೂ ತಾನಾಗಿ ಓದುಗನೆಡೆಗೆ ಕಳಿಸುವ ಸೌಲಭ್ಯ ಎರಡರಲ್ಲೂ ಇತ್ತು. ಚಲಿಸುವ ಫಾಂಟ್ ಎಂಬ ಅರ್ಥದಲ್ಲಿ ಇದನ್ನು ಡೈನಾಮಿಕ್ ಫಾಂಟ್ ಎಂದು ಕರೆಯುತ್ತಿದ್ದರು. ನೆಟ್‌ಸ್ಕೇಪ್ ಬಿಟ್‌ಸ್ಟ್ರೀಮ್ ಸಂಸ್ಥೆಯ ಟ್ರೂಡಾಕ್ ತಂತ್ರವನ್ನು ಆಯ್ದುಕೊಂಡಿತು. ಮೈಕ್ರೋಸಾಫ್ಟ್ ತನ್ನದೇ ಆದ ಇ.ಒ.ಟಿ. ಎಂಬ ರೂಪವನ್ನು ತಂದಿತು. ಒಂದರ ಫಾಂಟು ಇನ್ನೊಂದರಲ್ಲಿ ಸಹಜವಾಗಿ ನಡೆಯದು. ಇಂಗ್ಲಿಷ್ ಪುಟಗಳಿಗೆ ಇದು ಅಲಂಕಾರದ ಪ್ರಶ್ನೆ: ಫಾಂಟು ಬಾರದಿದ್ದರೆ ಅಕ್ಷರದ ಚೆಲುವು ಕಡಿಮೆಯಾದೀತು, ಬರಹ ಓದಿಸಿಕೊಳ್ಳುತ್ತದೆ. ಕನ್ನಡ ಪುಟಕ್ಕೆ ಇದು ಅಸ್ತಿತ್ವದ ಪ್ರಶ್ನೆ. ಈ ವ್ಯತ್ಯಾಸವನ್ನು ಆ ಸಮರದ ಪಾಶ್ಚಾತ್ಯ ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಅವರ ಲಿಪಿ ಅವರಿಗೆ ಎಂದೂ ಕೈಕೊಟ್ಟಿರಲಿಲ್ಲ.

ಇ.ಒ.ಟಿ. ರೂಪದ ಇನ್ನೊಂದು ಗುಣವನ್ನು ಇಲ್ಲಿ ವಿಶೇಷವಾಗಿ ದಾಖಲಿಸಬೇಕು. ಫಾಂಟು ತಯಾರಿಸಿದವರ ಹಕ್ಕಿನ ರಕ್ಷಣೆಗಾಗಿ ಅದನ್ನು ನಿರ್ದಿಷ್ಟ ಜಾಲತಾಣದ ವಿಳಾಸಕ್ಕೆ ಕಟ್ಟಿಹಾಕುವ ವ್ಯವಸ್ಥೆ ಅದರಲ್ಲಿತ್ತು. ಆ ವಿಳಾಸದಿಂದ ಬಂದ ಪುಟದಲ್ಲಿ ಮಾತ್ರ ಫಾಂಟು ತೆರೆದುಕೊಳ್ಳುತ್ತಿತ್ತು. ಪುಟವನ್ನು ಫ್ಲಾಪಿಗೆ ಉಳಿಸಿ ಮನೆಯಲ್ಲಿ ತೆರೆದರೆ ವಿಳಾಸ ಬೇರೆಯಾಗುತ್ತದೆ. ಫಾಂಟು ಮೌನವಾಗಿ ಹಿಂದೆ ಸರಿಯುತ್ತದೆ. ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯು 1996ರಿಂದ ಜಾಲದ ಪುಟಗಳನ್ನು ಸಂಗ್ರಹಿಸುತ್ತ ಬಂದಿದ್ದರೂ ಅಲ್ಲಿ ಸಿಕ್ಕುವ ಹಳೆಯ ಕನ್ನಡ ಪುಟಗಳಿಗೂ ಇದೇ ತೊಡಕು. ಹಕ್ಕು ಕಾಯಲು ಹಾಕಿದ ಬೀಗ ಇತಿಹಾಸದ ಮೇಲೂ ಬಿದ್ದಿತು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ಪರಿಣಾಮವಂತೂ ಇದೇ.

ಪೈಪೋಟಿಯ ಫಲಿತಾಂಶ ಬೇಗನೆ ಹೊರಬಿತ್ತು. 1996ರ ಸುಮಾರಿಗೆ ಬಳಕೆದಾರರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಹೊಂದಿದ್ದ ನೆಟ್‌ಸ್ಕೇಪ್, ವಿಂಡೋಸ್ ಜೊತೆಗೇ ಉಚಿತವಾಗಿ ಬರುತ್ತಿದ್ದ ಎಕ್ಸ್‌ಪ್ಲೋರರ್ ಎದುರು ನಿಲ್ಲಲಾಗಲಿಲ್ಲ. 1998ರ ಜನವರಿಯಲ್ಲಿ ತನ್ನ ಬ್ರೌಸರನ್ನು ಉಚಿತಗೊಳಿಸಿ, ಅದರ ಮೂಲಸಂಕೇತವನ್ನು ಲೋಕಕ್ಕೆ ತೆರೆದಿಡುವುದಾಗಿ ಸಾರಿತು; ಮಾರ್ಚ್ 31ರಂದು ಹಾಗೆಯೇ ಮಾಡಿತು. 1999ರಲ್ಲಿ ಕಂಪೆನಿ ಎ.ಒ.ಎಲ್. ಪಾಲಾಯಿತು. ಅಮೆರಿಕ ಸರಕಾರವು 1998ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ವಿರುದ್ಧ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಜಾಕ್ಸನ್ 2000ದಲ್ಲಿ ಕಂಪೆನಿಯ ವಿರುದ್ಧ ತೀರ್ಪಿತ್ತರು. ಮೇಲ್ಮನವಿಯಲ್ಲಿ ಕಂಪೆನಿಯನ್ನು ಇಬ್ಭಾಗಿಸುವ ಆದೇಶ ಬಿದ್ದುಹೋಯಿತು. 2001ರ ನವೆಂಬರಿನಲ್ಲಿ ರಾಜಿಯಾಯಿತು. ಆ ವೇಳೆಗೆ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿ ಬಂದಿದ್ದು, ಮುಂದಿನ ಒಂದೆರಡು ವರ್ಷಗಳಲ್ಲಿ ಅದರ ಪಾಲು ನೂರಕ್ಕೆ 90ನ್ನೂ ಮೀರಿತು. ಎದುರಾಳಿಯಿಲ್ಲದ ಗೆಲುವಿನ ಬಳಿಕ 2006ರ ಅಕ್ಟೋಬರಿನವರೆಗೆ, ಐದು ವರ್ಷ, ಮೈಕ್ರೋಸಾಫ್ಟ್ ಹೊಸ ಆವೃತ್ತಿಯನ್ನೇ ತರಲಿಲ್ಲ.

ಕನ್ನಡದ ಮಟ್ಟಿಗೆ ಇದರ ಅರ್ಥ ಸ್ಪಷ್ಟವಾಗಿತ್ತು. ಟ್ರೂಡಾಕ್ ಫಾಂಟುಗಳನ್ನು ನೆಟ್‌ಸ್ಕೇಪ್ ತನ್ನ 2000ದ ಆರನೆಯ ಆವೃತ್ತಿಯಲ್ಲಿ ತಾನೇ ಕೈಬಿಟ್ಟಿತು. ಜಾಲತಾಣಗಳು ಇ.ಒ.ಟಿ. ಒಂದನ್ನೇ ನೆಚ್ಚಿಕೊಂಡವು. ಪುಟದ ಅಡಿಯಲ್ಲಿ ಈ ತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ನೋಡಿ ಎಂಬ ಸೂಚನೆ ಮಾಮೂಲಾಯಿತು. ಕನ್ನಡ ಓದಬೇಕೆಂದರೆ ಒಂದು ಕಂಪೆನಿಯ ಕಾರ್ಯಾಚರಣ ವ್ಯವಸ್ಥೆ, ಅದೇ ಕಂಪೆನಿಯ ಬ್ರೌಸರ್ ಬೇಕು ಎಂಬಂತಾಯಿತು. ಪತ್ರಿಕೆಗಳನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ನಾಳೆಯ ಸಂಚಿಕೆಯನ್ನು ಇಂದು ರಾತ್ರಿ ಏರಿಸಬೇಕಾದವನು ಹತ್ತರಲ್ಲಿ ಒಂಬತ್ತು ಓದುಗರಿಗೆ ಕಾಣುವ ದಾರಿಯನ್ನು ಹಿಡಿದದ್ದು ಸಹಜವೇ. ದೂರಬೇಕಾದದ್ದು, ಪರ್ಯಾಯ ದೊರೆತ ಮೇಲೂ ವರ್ಷಗಟ್ಟಲೆ ಅದೇ ದಾರಿಯಲ್ಲಿ ನಡೆದುದನ್ನು.

ಆ ಪರ್ಯಾಯವೇ ಯುನಿಕೋಡ್. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. ಯುನಿಕೋಡ್ ಸಂಗ್ರಹಿಸುವುದು ಅಕ್ಷರದ ತುಂಡುಗಳನ್ನಲ್ಲ, ವರ್ಣಗಳನ್ನು. ‘ಕರ್ನಾಟಕ’ದಲ್ಲಿ ರಕಾರವು ನಕಾರಕ್ಕೆ ಮೊದಲೇ ಬರುತ್ತದೆ, ಅದನ್ನು ಅರ್ಕಾವೊತ್ತಾಗಿ ಮಾಡಿ ಬಲಕ್ಕೆ ಸಾಗಿಸುವ ಕೆಲಸ ಪರದೆಗೆ ತರುವ ಯಂತ್ರದ್ದು. ಆದರೆ ಆ ಕೆಲಸ ಬಲ್ಲ ಯಂತ್ರವಿಲ್ಲದಿದ್ದರೆ ಯುನಿಕೋಡ್ ಬರಹವು ಹಲಂತಗಳು ಬಿಡಿಬಿಡಿಯಾಗಿ ಚೆಲ್ಲಿದ ಸಾಲಾಗುತ್ತದೆ. ಮೈಕ್ರೋಸಾಫ್ಟ್‌ನ ಯುನಿಸ್ಕ್ರೈಬ್ ಎಂಬ ಅಂಥ ಯಂತ್ರವು ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿ ಮತ್ತು ವಿಂಡೋಸ್ 2000ಗಳೊಡನೆ ಬಂದಿತಾದರೂ, ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಮಾತ್ರ ಇದ್ದವು. ಕನ್ನಡಕ್ಕೆ 2001ರ ವಿಂಡೋಸ್ ಎಕ್ಸ್‌ಪಿವರೆಗೆ ಕಾಯಬೇಕಾಯಿತು. ತುಂಗಾ ಎಂಬ ಫಾಂಟು ಅದರೊಡನೆ ಬಂದಿತು. ಅಲ್ಲಿಯೂ ಆ ಸೌಲಭ್ಯ ತಾನಾಗಿ ಎಚ್ಚೆತ್ತಿರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನಲಿನೊಳಗೆ ಹೋಗಿ ಗುರುತು ಹಾಕಿ, ಮೂಲ ಸಿ.ಡಿ. ತೂರಿಸಿ ಅದನ್ನು ಎಬ್ಬಿಸಬೇಕಾಗಿತ್ತು. ಭಟ್ಕಳ, ಹೊನ್ನಾವರ, ಕುಮಟೆಗಳ ಕೆಫೆಗಳಲ್ಲಿ ಆಗಿನ್ನೂ ವಿಂಡೋಸ್ 98 ಓಡುತ್ತಿದ್ದ ಗಣಕಗಳೇ ಹೆಚ್ಚು, ಮೂಲ ಸಿ.ಡಿ. ಎಲ್ಲಿಂದ ಬರಬೇಕು! 2007ರ ವಿಸ್ಟಾದಲ್ಲಿ ಮಾತ್ರ ಕನ್ನಡವು ಕೇಳದೆಯೇ ದೊರೆಯುವಂತಾಯಿತು.

ನೆಟ್‌ಸ್ಕೇಪ್ ಸೋತರೂ ಅದು ತೆರೆದಿಟ್ಟ ಮೂಲಸಂಕೇತ ಸಾಯಲಿಲ್ಲ. 2003ರ ಜುಲೈಯಲ್ಲಿ ಮೊಜಿಲ್ಲಾ ಪ್ರತಿಷ್ಠಾನ ಸ್ಥಾಪನೆಯಾಗಿ, 2004ರ ನವೆಂಬರ್ 9ರಂದು ಫೈರ್‌ಫಾಕ್ಸ್ ಹೊರಬಂದಿತು. ಅದೇ ಕಾಲಕ್ಕೆ ಕನ್ನಡದಲ್ಲಿಯೂ ಯುನಿಕೋಡನ್ನೇ ನಂಬಿದ ಸಾಹಸಗಳು ತಲೆಯೆತ್ತಿದವು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಹರಿಪ್ರಸಾದ್ ನಾಡಿಗ್ ಅವರ ಸಂಪದ 2005ರಲ್ಲಿ. ಈ ತಾಣಗಳಿಗೆ ಯಾವ ಬ್ರೌಸರಿನ ಹಂಗೂ ತತ್ತ್ವತಃ ಇರಲಿಲ್ಲ. ವಾಸ್ತವದಲ್ಲಿ ಇತ್ತು. ಫೈರ್‌ಫಾಕ್ಸ್‌ನ ಮೊದಲ ಎರಡು ಆವೃತ್ತಿಗಳಲ್ಲಿ, ಎರಡೂ ಅಂಚುಗಳನ್ನು ಸಮಗೊಳಿಸಿದ ಸಾಲುಗಳಲ್ಲಿ ಭಾರತೀಯ ಲಿಪಿಗಳ ಗುಣಿತವೂ ಒತ್ತೂ ತುಂಡಾಗಿ ಬೀಳುತ್ತಿದ್ದವು; ತಮಿಳು ಬರಹಗಾರರೂ ಇದೇ ಗೋಳು ಹೇಳಿಕೊಳ್ಳುತ್ತಿದ್ದರು. ಲಿನಕ್ಸ್‌ನಲ್ಲಿ ಪ್ಯಾಂಗೊ ಎಂಬ ಲಿಪಿಯಂತ್ರವಿದ್ದರೂ ಮೊಜಿಲ್ಲಾ ತಾನೇ ಹಂಚುತ್ತಿದ್ದ ಪ್ರತಿಯಲ್ಲಿ ಅದು ಜೋಡಣೆಯಾಗಿರಲಿಲ್ಲ. ಲಿನಕ್ಸ್ ವಿತರಕರು ತಾವೇ ಜೋಡಿಸಿ ಕೊಡಬೇಕಿತ್ತು. ಫಾಂಟಿನ ಕೊರತೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧವಾಗಿ ಮುಕ್ತವಾಗಿ ಬಿಡುಗಡೆಯಾದ ಕೇದಗೆ, ಮಲ್ಲಿಗೆಗಳು ತುಂಬಿದವು. 2008ರ ಜೂನಿನ ಫೈರ್‌ಫಾಕ್ಸ್ ಮೂರನೆಯ ಆವೃತ್ತಿಯಲ್ಲಿ ಅಕ್ಷರ ಜೋಡಣೆಯ ಭಾಗವನ್ನೇ ಹೊಸದಾಗಿ ಬರೆದ ಮೇಲೆ ಈ ತೊಡಕುಗಳು ತೀರಿದವು. ಎಕ್ಸ್‌ಪ್ಲೋರರಿನ ಏಕಾಧಿಪತ್ಯದ ಕಾಲದಲ್ಲಿ ಅದರ ಯುನಿಕೋಡ್ ಕನ್ನಡವು ಎದುರಾಳಿಗಿಂತ ಮೇಲಾಗಿತ್ತೆಂಬುದನ್ನು ಒಪ್ಪಬೇಕು. ಮುಕ್ತ ತಂತ್ರಾಂಶದ ಅಭಿಮಾನಿಗಳು ಇದನ್ನು ಬರೆಯಲು ಹಿಂಜರಿಯುತ್ತಾರೆ.

ಫಾಂಟನ್ನು ಪುಟದೊಡನೆ ಕಳಿಸುವ ಹಳೆಯ ಕನಸು ಈ ಎರಡನೆಯ ಸುತ್ತಿನ ಪೈಪೋಟಿಯಲ್ಲಿ ಮರಳಿ ಬಂದಿತು, ಈ ಸಲ ಸರಿಯಾದ ದಾರಿಯಲ್ಲಿ. ಆಪಲ್‌ನ ಸಫಾರಿ 2008ರಲ್ಲಿ, ಫೈರ್‌ಫಾಕ್ಸ್ 2009ರಲ್ಲಿ ಸಾಮಾನ್ಯ ಫಾಂಟು ಕಡತಗಳನ್ನೇ ಪುಟಕ್ಕೆ ಜೋಡಿಸಲು ಅವಕಾಶ ಕೊಟ್ಟವು. ವೋಫ್ ಎಂಬ ಸಮಾನ ರೂಪವನ್ನು ಎದುರಾಳಿಗಳೆಲ್ಲ ಒಪ್ಪಿದರು. 2011ರಲ್ಲಿ ಎಕ್ಸ್‌ಪ್ಲೋರರಿನ ಒಂಬತ್ತನೆಯ ಆವೃತ್ತಿಯೂ ಅದನ್ನು ಸ್ವೀಕರಿಸಿತು. ಆ ವರ್ಷದ ಕೊನೆಯ ಹೊತ್ತಿಗೆ ವಿಕಿಮೀಡಿಯ ಸಂಸ್ಥೆಯು ಭಾರತೀಯ ಭಾಷೆಗಳ ವಿಕಿಪೀಡಿಯಗಳಲ್ಲಿ ಫಾಂಟನ್ನು ತಾನೇ ಒದಗಿಸತೊಡಗಿತು. 1997ರಲ್ಲಿ ಎರಡು ಕಂಪೆನಿಗಳು ಒಪ್ಪಂದಕ್ಕೆ ಬಂದಿದ್ದರೆ ಹದಿನಾಲ್ಕು ವರ್ಷ ಮೊದಲೇ ಆಗಬಹುದಾಗಿದ್ದ ಕೆಲಸವಿದು.

ತೆಂಗಿನಗುಂಡಿಯಂಥ ಊರುಗಳಿಗೆ ಅಂತರಜಾಲ ನಿಜವಾಗಿ ಬಂದದ್ದು ಗಣಕದ ಮೂಲಕವಲ್ಲ, ಮೊಬೈಲ್ ಫೋನಿನ ಮೂಲಕ. ಅಲ್ಲಿ ನೆಟ್‌ಸ್ಕೇಪ್, ಎಕ್ಸ್‌ಪ್ಲೋರರುಗಳ ಹೆಸರು ಗೊತ್ತಿರುವವರು ವಿರಳ; ನಾರ್ವೆಯ ಒಪೆರಾ ಮಿನಿಯನ್ನು ಬಲ್ಲವರು ಅನೇಕರು. 2006ರಲ್ಲಿ ಲೋಕಕ್ಕೆಲ್ಲ ತೆರೆದುಕೊಂಡ ಈ ಚಿಕ್ಕ ಬ್ರೌಸರು ಪುಟವನ್ನು ಮೊದಲು ತನ್ನ ಸರ್ವರಿಗೆ ತರಿಸಿ, ಕುಗ್ಗಿಸಿ, ಬಳಿಕ ಫೋನಿಗೆ ಕಳಿಸುತ್ತಿತ್ತು. ಕೆಳದರ್ಜೆಯ ಫೋನುಗಳಲ್ಲಿ ಕನ್ನಡ ಫಾಂಟಾಗಲಿ ಲಿಪಿಯಂತ್ರವಾಗಲಿ ಇರಲಿಲ್ಲ. ಆದರೆ ಒಪೆರಾ ಮಿನಿಯ ಒಳಗೆ ಅಡಗಿದ್ದ ಒಂದು ಆಯ್ಕೆಯನ್ನು ಬದಲಿಸಿದರೆ, ಸರ್ವರು ಕನ್ನಡ ಬರಹವನ್ನು ಅಕ್ಷರವಾಗಿ ಅಲ್ಲದೆ ಚಿತ್ರವಾಗಿ ಮಾಡಿ ಕಳಿಸುತ್ತಿತ್ತು. ಆ ಆಯ್ಕೆಯನ್ನು ಬದಲಿಸುವ ವಿಧಾನ ಫೋನು ರೀಚಾರ್ಜ್ ಮಾಡುವ ಅಂಗಡಿಗಳಲ್ಲಿ ಬಾಯಿಂದ ಬಾಯಿಗೆ ಹರಡಿತು. ಬಂದರಿನ ಕಟ್ಟೆಯ ಮೇಲೆ ಕುಳಿತು ಹವಾಮಾನದ ಸುದ್ದಿಯನ್ನು ಹೀಗೆ ಓದುತ್ತಿದ್ದ ಹುಡುಗರನ್ನು ಈ ಲೇಖಕ 2011ರಲ್ಲಿ ಕಂಡಿದ್ದಾನೆ. ನವಾಯಿತಿ ಮಾತೃಭಾಷೆಯ ದೊಡ್ಡ ಸಮುದಾಯವಿರುವ ಭಟ್ಕಳದ ಸಾಹಿಲ್‌ಆನ್‌ಲೈನ್‌ನಂಥ ಸುದ್ದಿತಾಣವು ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬರುತ್ತದೆ. ಕೊಲ್ಲಿಯಲ್ಲಿ ದುಡಿಯುವ ಮಗನೂ ಊರಿನಲ್ಲಿರುವ ತಂದೆಯೂ ಒಂದೇ ಸುದ್ದಿಯನ್ನು ಬೇರೆ ಬೇರೆ ಲಿಪಿಗಳಲ್ಲಿ ಓದುವ ಇಂಥ ಊರಿಗೆ ಬ್ರೌಸರಿನ ಲಿಪಿಜ್ಞಾನ ಎಷ್ಟು ಮುಖ್ಯವೆಂದು ವಿವರಿಸಬೇಕಾಗಿಲ್ಲ.

2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಸೇರ್ಪಡೆಯಾದ ಮೇಲೆ ಚಿತ್ರದ ಉಪಾಯ ಬೇಡವಾಯಿತು. ಮುಂದಿನ ವರ್ಷಗಳಲ್ಲಿ ಒಪೆರಾ ಮಿನಿಯನ್ನು ಹಿಂದಿಕ್ಕಿದ ಚೀನಾದ ಯು.ಸಿ. ಬ್ರೌಸರ್ 2020ರ ಜೂನ್ 29ರ ಕೇಂದ್ರ ಸರಕಾರದ ನಿಷೇಧಕ್ಕೆ ಒಳಗಾಯಿತು. 2017ರ ಜಿಯೋಫೋನಿನಲ್ಲಿದ್ದ ಕೈಓಎಸ್ ವ್ಯವಸ್ಥೆಯು ಮೊಜಿಲ್ಲಾದ ವಿಫಲ ಫೈರ್‌ಫಾಕ್ಸ್ ಓಎಸ್‌ನಿಂದ ಹುಟ್ಟಿದ್ದು. ಅಂದರೆ ನೆಟ್‌ಸ್ಕೇಪ್‌ನ ವಂಶದ ಒಂದು ಕವಲು ಮೀನುಗಾರನ ಅಂಗಿಯ ಕಿಸೆಗೂ ತಲುಪಿತು.

ಮೂರನೆಯ ಸುತ್ತನ್ನು ಗೆದ್ದದ್ದು 2008ರ ಸೆಪ್ಟೆಂಬರಿನಲ್ಲಿ ಬಂದ ಗೂಗಲ್‌ನ ಕ್ರೋಮ್. ಸ್ಟಾಟ್‌ಕೌಂಟರ್ ಸಂಸ್ಥೆಯ ಎಣಿಕೆಯಂತೆ 2012ರ ಮೇ ತಿಂಗಳಲ್ಲಿ ಅದು ಎಕ್ಸ್‌ಪ್ಲೋರರನ್ನು ಹಿಂದಿಕ್ಕಿತು. ಮುಂದೆ ಲೋಕದ ಬಳಕೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದರದಾಯಿತು. ಒಪೆರಾ 2013ರಲ್ಲಿ, ಮೈಕ್ರೋಸಾಫ್ಟ್‌ನ ಎಡ್ಜ್ 2020ರ ಜನವರಿಯಲ್ಲಿ ಕ್ರೋಮ್‌ನ ಒಳಯಂತ್ರವನ್ನೇ ಸ್ವೀಕರಿಸಿದವು. 2022ರ ಜೂನ್ 15ರಂದು ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಲಿಪಿಯ ಮಟ್ಟಿಗೆ ಇನ್ನೊಂದು ಐಕ್ಯವೂ ಆಗಿದೆ: ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಈಗ ಹಾರ್ಫ್‌ಬಜ್ ಎಂಬ ಮುಕ್ತ ಲಿಪಿಯಂತ್ರವನ್ನು ಬಳಸುತ್ತವೆ. ಅರ್ಕಾವೊತ್ತಿನ ‘ರ್ಯ’ವೂ ‘ರ‍್ಯಾಂಕ್’ ಎಂಬಲ್ಲಿನ ಯಒತ್ತಿನ ರೂಪವೂ ಎರಡರಲ್ಲೂ ಒಂದೇ ಬಗೆಯಲ್ಲಿ ಮೂಡುತ್ತವೆ. ಆ ಯಂತ್ರದಲ್ಲಿ ಒಂದು ದೋಷ ಉಳಿದರೆ ಎಲ್ಲ ಪರದೆಗಳಲ್ಲೂ ಒಟ್ಟಿಗೆ ಉಳಿಯುತ್ತದೆ ಎಂಬುದೂ ನಿಜ.

ಹಳೆಯ ಪುಟಗಳ ಮಾತಿಗೆ ಬಂದರೆ, ಅವು ಸಂಪೂರ್ಣ ನಷ್ಟವಾಗಿವೆ ಎನ್ನಲಾಗದು. ಪುಟದ ಒಡಲಿನಲ್ಲಿ ಫಾಂಟಿನ ಹೆಸರು ಉಳಿದಿರುತ್ತದೆ. ಆ ಫಾಂಟಿನ ಯಾವ ಸ್ಥಾನದಲ್ಲಿ ಯಾವ ತುಂಡು ಇತ್ತೆಂಬ ಪಟ್ಟಿ ದೊರೆತರೆ ತುಂಡುಗಳನ್ನು ಮತ್ತೆ ಜೋಡಿಸಿ, ಅರ್ಕಾವೊತ್ತನ್ನು ಹಿಂದಕ್ಕೆ ಸಾಗಿಸಿ ಯುನಿಕೋಡಿಗೆ ತರಬಹುದು. ನುಡಿ ಮತ್ತು ಬರಹದ ಹಳೆಯ ಸಂಕೇತಗಳಿಗೆ ಅಂಥ ಪರಿವರ್ತಕಗಳು ಧಾರಾಳವಾಗಿವೆ. ಪತ್ರಿಕೆಗಳು ಖಾಸಗಿಯಾಗಿ ಮಾಡಿಸಿಕೊಂಡಿದ್ದ ಫಾಂಟುಗಳ ಪಟ್ಟಿ ಆಯಾ ಕಚೇರಿಗಳಲ್ಲಿ, ಇಲ್ಲವೆ ಅಂದು ಕೆಲಸ ಮಾಡಿದವರ ಕಪಾಟಿನಲ್ಲಿ ಇದ್ದೀತು. ರಾಜ್ಯದ ಗ್ರಂಥಾಲಯಗಳು ಮುದ್ರಿತ ಸಂಚಿಕೆಗಳನ್ನು ಕಟ್ಟು ಹಾಕಿಸಿ ಇಡುವಂತೆ ಈ ಪಟ್ಟಿಗಳನ್ನೂ ಫಾಂಟುಗಳನ್ನೂ ಕೂಡಿಸಿಡುವ ಹೊಣೆಯನ್ನು ಯಾರಾದರೂ ಹೊರಬೇಕಾಗಿದೆ. ಬಲ್ಲವರು ಇನ್ನೂ ಬದುಕಿರುವಾಗಲೇ ಅದು ಆಗಬೇಕು. ಈ ಲೇಖಕನ ಮೊದಲ ಸಿ.ಡಿ.ಯಲ್ಲಿದ್ದ ವರದಿಗಳು ಹೀಗೆ ಮತ್ತೆ ಕನ್ನಡವಾಗಿವೆ. ಮೀನುಗಾರಿಕಾ ನಿಷೇಧದ ವಿವರಗಳೆಲ್ಲ ಅವುಗಳಲ್ಲಿ ಸಿಕ್ಕಿವೆ. ಎರಡನೆಯ ಸಿ.ಡಿ.ಯ ಪುಟಗಳು ಬೇರೊಂದು ಪತ್ರಿಕೆಯವು. ಅವುಗಳ ಫಾಂಟಿನ ಹೆಸರು ತಿಳಿದಿದೆ, ಪಟ್ಟಿ ಸಿಕ್ಕಿಲ್ಲ. ನಾಡದೋಣಿಗಳ ತಕರಾರಿನ ವರದಿಗಳು ಇರುವುದು ಅದರಲ್ಲಿ.